ಬಾಗಲದ ಕಾಕಾ ಮತ್ತು ಹಾರಪ್ಪನ ಕಂಬಳಿ

ಗೆದ್ದದ! ನಮ್ಮ ತೇಜೂನ ಸಿನೆಮಾ ಗೆದ್ದದ!

ಪೇಪರಿನವರು ಬರಿಯೂಕಿಂತ ಮೊದಲ, ಟಿವಿಯವರು ಒದರೂಕಿಂತ ಮೊದಲ ನಾನು ಹೇಳಾಕತ್ತೀನಿ. ಯಾಕಂದ್ರ ಶುಕ್ರವಾರ ಮುಂಜಾನಿ ಮೊದಲನೇ ಆಟ ಬಿಟ್ಟಾಗ ಪುಣೆಯ ವಿಮಾನ ನಗರದ ದೊಡ್ಡ ಮಾಲಿನ ಹಿಂದಿನ ಬಾಗಲದಾಗ ನಾನ ಖುದ್ದ ನಿಂತಿದ್ದೆ. ಸಿನೆಮಾ ನಾನಿನ್ನೂ ನೋಡಿಲ್ಲ. ಸಿನೆಮಾ ನೋಡಿ ಬಂದವರನ್ನ ನೋಡೀನಿ. ಅದು ಸಿನೆಮಾ ನೋಡೂಕಿಂತ ಖಾತ್ರಿ.

ತೇಜು ಅಂದ್ರ ನನ್ನ ಮಗನ ಮಗಳು. ಇಪ್ಪತ್ತಾರು ವರ್ಷದಾಕಿ. ಆಕಿ ನಟಿ ಅಲ್ಲ, ನಟರು ಏನ ಉಡಬೇಕು ಏನ ತೊಡಬೇಕು ಅಂತ ಚಿತ್ರಾ ತಗದು, ಅರಿವಿ ಆರಿಸಿ, ಮುಂದ ನಿಂತು ಹೊಲಿಸೂ ಕೆಲಸ ಆಕೀದು. ಈ ಸಿನೆಮಾದ ಹೀರೋ ಆಕಾಶದಾಗ ಹಾರತಾನ. ನನ್ನ ಮಗ ಸಣ್ಣಾಂವ ಇದ್ದಾಗ ಮಕ್ಕಳ ಮಾಸಿಕದಾಗ ಅವನ ಚಿತ್ರಕಥಿ ತಿಂಗಳಾ ಬರತಿತ್ತು, ಅದನ್ನ ಈಗ ಸಿನೆಮಾ ಮಾಡ್ಯಾರ. ಅವನಿಗೆ ಏನೋ ಒಂದು ಇಂಗ್ಲಿಷ್ ಹೆಸರದ, ನನ್ನ ನಾಲಿಗಿ ತಿರಗಂಗಿಲ್ಲ. ನಾನು ಅವನಿಗೆ ಹಾರಪ್ಪ ಅಂತೀನಿ. ನಮ್ಮ ಮನ್ಯಾಗ ಎಲ್ಲಾರೂ ಈಗ ಹಾರಪ್ಪನ ಅಂತಾರ.

ಖರೇ ಹೇಳಬೇಕಂದ್ರ ನಾನು ಬರಿಯಾಕ ಕುಂತದ್ದು ತೇಜೂನ ಬಗ್ಗೆನೂ ಅಲ್ಲ, ಹಾರಪ್ಪನ ಬಗ್ಗೆನೂ ಅಲ್ಲ. ಬಾಗಲದಾಗ ಹ್ಯಾಂಗ ನಿಂದರಬೇಕು ಅಂತ ನನಗ ಕಲಿಸಿದವರೊಬ್ಬರಿದ್ರು. ಈ ಸಂತೋಷದಾಗ ಅವರಿಗೆ ಒಂದು ಪಾಲು ಹೋಗಬೇಕು. ಅವರು ಈಗ ಇಲ್ಲ. ಅದಕ್ಕ ಬರದು ಇಡತೀನಿ. ನಾಲ್ಕನೇ ಇಯತ್ತಾ ತನಕ ಕಲತಾಕಿ ನಾನು, ತಪ್ಪಿದ್ರ ತಿದ್ದಿಕೊಂಡು ಓದ್ರಿ.

ನಾವು ಬೆಳಗಾವಿ ಕಡೆಯಿಂದ ಪುಣೆಕ್ಕ ಬಂದ ಹೊಸದಾಗಿ ನಮ್ಮವರು ಹಳೇ ಪೇಟಿಯೊಳಗ ಒಂದು ಟಾಕೀಜಿನ ಕ್ಯಾಂಟೀನ್ ಹಿಡದ್ರು. ಅವರದು ಚಹಾ, ನಂದು ಬಟಾಟಿ ವಡಾ. ಆ ಟಾಕೀಜಿನ ಬಾಗಲ ಕಾಯತಿದ್ದ ಮನುಷ್ಯಾ ಅವರು. ಹೆಸರು ಇತ್ತು, ಆದ್ರ ಮ್ಯಾನೇಜರನಿಂದ ಹಿಡದು ಕಸಾ ಹೊಡಿಯಾಕಿ ತನಕ ಯಾರೂ ಹೆಸರು ಹಿಡದು ಕರೀಲಿಲ್ಲ. ಬಾಗಲದ ಕಾಕಾ, ಅಷ್ಟ. ಈಗ ಹೆಸರು ಬರದು ಅವರನ್ನ ದೂರದವರನ್ನಾಗಿ ಮಾಡೂ ಮನಸ್ಸು ನನಗಿಲ್ಲ.

ವಿಜಯಪುರ ಸೀಮಿಯವರು. ಕುರಿ ಕಾಯೂ ಮನಿತನ. ಎತ್ತರದ ಆಳು, ಖಾಕಿ ಅಂಗಿ, ಕೈಯಾಗ ಉದ್ದಂದು ಬ್ಯಾಟರಿ. ಕತ್ತಲದಾಗ ತಡಾ ಮಾಡಿ ಬಂದವರಿಗೆ ಖುರ್ಚಿ ತೋರಸೂದು ಅವರ ಕೆಲಸ. ಬ್ಯಾರೆ ಟಾಕೀಜಿನ್ಯಾಗ ಬ್ಯಾಟರಿ ಬೆಳಕು ಮಾರಿ ಮ್ಯಾಲೆ ಬಿಟ್ಟು "ಏ, ಎಲ್ಲಿ ಟಿಕೀಟ" ಅಂತಿದ್ರು. ಕಾಕಾ ಒಂದು ದಿವಸ ಸುದ್ದಾ ಯಾರ ಮಾರಿ ಮ್ಯಾಲೂ ಬೆಳಕು ಬಿಡಲಿಲ್ಲ. ಕಾಲಿಗೇ ಬಿಡತಿದ್ರು. ಬೆಳಕು ಮುಂದ ಮುಂದ ಸರೀತಿತ್ತು, ಕಾಲು ಹಿಂದ ಹಿಂದ ಹೋಗತಿದ್ವು.

"ಮಾರಿ ಅವರ ಖಾಸಗೀದು ತಂಗಿ. ಕತ್ತಲದಾಗ ಬಂದು ಕೂಡವರು ಮಾರಿ ಮುಚ್ಚಿಕೊಳ್ಳಾಕ ಬಂದಿರತಾರ," ಅಂತಿದ್ರು.

ಮೂವತ್ತು ವರ್ಷ ಕಾಲು ನೋಡಿ ನೋಡಿ ಅವರಿಗೆ ಮಂದಿಯ ಗುರುತು ಕಾಲಿನಿಂದನ ಹತ್ತತಿತ್ತು. "ಆ ಹಿಮ್ಮಡ ಸವದ ಚಪ್ಪಲಿಯವ್ರು ಇವತ್ತ ಹೆಂಡತಿ ಕೂಡ ಬಂದಾರ, ಜಗಳಾ ಮುಗೀತು ಕಾಣತದ," ಅಂತ ನನಗ ವರದಿ ಒಪ್ಪಸತಿದ್ರು.

ಮಾತಿಗೆ ಮೃದು, ಆದ್ರ ಬಾಗಲದ ವಿಷಯದಾಗ ಕಲ್ಲು. ಒಮ್ಮೆ ಮ್ಯಾನೇಜರು ಯಾರೋ ದೊಡ್ಡ ಮಂದೀನ ಕರಕೊಂಡು ನಡುವ ಬಂದ್ರು. ಒಳಗ ಪಡದೆ ಮ್ಯಾಲೆ ತಾಯಿ ಸಾಯಾಕತ್ತಾಳ. ಕಾಕಾ ಬಾಗಲಕ್ಕ ಬೆನ್ನು ಹಚ್ಚಿ ನಿಂತುಬಿಟ್ರು.

"ಸರೀರಿ, ಸಾಹೇಬರು ಬಂದಾರ," ಅಂದ್ರು ಮ್ಯಾನೇಜರು.

"ಒಳಗ ನಾಕುನೂರು ಮಂದಿ ಅಳಾಕತ್ತಾರ್ರಿ. ಬಾಗಲ ತೆಗದ್ರ ಬೆಳಕು ಬೀಳತದ, ಕಣ್ಣೀರು ಒರಸಿಕೊಂಡುಬಿಡತಾರ. ತಾಯಿ ಸಾಯಲಿ, ಆಮ್ಯಾಲೆ ತೆಗಿತೀನಿ."

"ನಾನು ಮ್ಯಾನೇಜರ್ ಅದೀನಿ!"

"ನಾ ಬಾಗಲ ಅದೀನ್ರಿ."

ಆ ದೊಡ್ಡ ಮಂದಿ ನಮ್ಮ ಕ್ಯಾಂಟೀನಿನ್ಯಾಗ ಕುಂತು ಎರಡೆರಡು ಕಪ್ ಚಹಾ ಕುಡದು ಒಳಗ ಹೋದ್ರು.

ಕಾಕಾ ಯಾವ ಸಿನೆಮಾನೂ ಪೂರ್ತಿ ನೋಡಲಿಲ್ಲ. ಬೇಕಂತನ ನೋಡಲಿಲ್ಲ. "ಪಡದೆ ನೋಡಿದ್ರ ನನಗ ಮಂದಿ ಕಾಣಂಗಿಲ್ಲ" ಅಂತಿದ್ರು. ಆಟ ಬಿಡೂ ಹೊತ್ತಿಗೆ ಹೊರಗ ಹೋಗೂ ಬಾಗಲದ ಪಕ್ಕ ನಿಂತು, ಹೋಗವರ ಕಾಲು ನೋಡತಿದ್ರು. ನೋಡಿ ಮುಗದ ಮ್ಯಾಲೆ ಕ್ಯಾಂಟೀನ್ ಕಡೆ ತಿರುಗಿ ಕೈ ಎತ್ತತಿದ್ರು. ಒಂದು ಬೆರಳು ಅಂದ್ರ ನಾಳಿಗೆ ಐದು ಕಿಲೊ ಬಟಾಟಿ ಕುದಸು. ಮೂರು ಬೆರಳು ಅಂದ್ರ ಹದಿನೈದು. ಪೂರಾ ಅಂಗೈ ತೋರಿಸಿದ್ರಂದ್ರ ನಾನು ಸೆರಗು ಕಟ್ಟಿಕೊಂಡು ಮಾರ್ಕೆಟ್ಟಿಗೆ ಓಡಬೇಕು. ಅವರ ಬೆರಳಿನ ಮ್ಯಾಲೆ ನಮ್ಮ ಒಲಿ ಉರೀತಿತ್ತು.

"ಅದ್ಹ್ಯಾಂಗ ತಿಳಿತದ ಕಾಕಾ?" ಅಂತ ಒಮ್ಮೆ ಕೇಳಿದೆ.

"ಮೊದಲ ಹೊರಗ ಬರೂ ಹತ್ತು ಮಂದೀನ ಬಿಟ್ಟುಬಿಡು. ಅವರು ಒಂದಕ್ಕ ಓಡೂವರು. ಆಮ್ಯಾಲೆ ಬರವರ ಕಾಲು ನೋಡು. ಚಿತ್ರ ಹಿಡಿಸಿದ್ರ ಮೆಟ್ಟಲ ಇಳಿಯಾಕ ಕಾಲಿಗೆ ಮನಸ್ಸಾಗಂಗಿಲ್ಲ. ಹಿಡಿಸಲಿಲ್ಲಂದ್ರ ಚಪ್ಪಲಿ ಮನಿ ಕಡೆ ಎಳೀತಾವ. ಮಂದೀನ ಏನೂ ಕೇಳಬ್ಯಾಡ. ಕೇಳಿದ್ರ ಸುಳ್ಳು ಹೇಳತಾರ, ಪಾಪ, ಬೇಕಂತ ಅಲ್ಲ. ಕೇಳಿದವನಿಗೆ ಏನು ಬೇಕು ಅಂತ ನೋಡಿ ಹೇಳತಾರ."

ದೊಡ್ಡ ಹೀರೋನ ಚಿತ್ರ ಬಂದಾಗ ಅಭಿಮಾನಿಗಳು ಹಲಿಗಿ ಬಾರಿಸಿಕೋತ ಹಾರ ಹಿಡಕೊಂಡು ಬರತಿದ್ರು. ನಮ್ಮವರು ಖುಷಿಯಾಗಿ "ಇಪ್ಪತ್ತೈದು ಕಿಲೊ ಹಾಕ್ತೀನಿ" ಅಂದ್ರ ಕಾಕಾ ತಡೀತಿದ್ರು. "ತಡಿ ಮಾರಾಯಾ. ಹಾರ ತಂದಾಂವ ಚಿತ್ರ ನೋಡೂಕಿಂತ ಮೊದಲ ತಂದಾನ. ಅವ ಹೊರಗ ಬಂದ ಮ್ಯಾಲೆ ಹ್ಯಾಂಗ ನಿಂದರತಾನ ನೋಡೂಣು."

ಹಂಗಂತ ಅವರು ತಪ್ಪಲೇ ಇಲ್ಲ ಅಂತಲ್ಲ. ಒಮ್ಮೆ ಮಂದಿ ತುಟಿ ಪಿಟ್ಟ ಅನ್ನದ ಹೊರಗ ಬಂದ್ರು, ಸರಸರ ಹೋದ್ರು. ಕಾಕಾ ಒಂದ ಬೆರಳು ಎತ್ತಿದ್ರು. ಮರುದಿವಸ ಟಾಕೀಜು ತುಂಬಿ ತುಳುಕಿತು! ಆ ಮಂದಿ ಸರಸರ ಹೋದದ್ದು ಮನಿಯವರನ್ನ ಕರಕೊಂಡು ಬರಾಕ. ಇಂಟರ್ವಲ್ ಆಗಿ ಐದು ನಿಮಿಷದಾಗ ವಡಾ ಖಾಲಿ, ಮಂದಿ ಕೌಂಟರ್ ಬಡದ್ರು. ಕಾಕಾ ಒಂದು ಮಾತು ಆಡಲಿಲ್ಲ. ಮುಂದಿನ ಆಟ ಸುರು ಆಗೂ ತನಕ ನನ್ನ ಪಕ್ಕ ಕುಕ್ಕರಗಾಲಿನ್ಯಾಗ ಕುಂತು ಬಿಸಿ ಬಟಾಟಿ ಸಿಪ್ಪಿ ಸುಲದ್ರು. ಬೆರಳು ಕೆಂಪಗಾದ್ವು.

"ಸುಮ್ಮನಿರೂದು ಎರಡು ಥರಾ ಇರತದ ತಂಗಿ," ಅಂದ್ರು. "ನನಗ ಇವತ್ತ ತಿಳೀತು. ಬಾಯೀನೂ ಸುಮ್ಮನ, ಕೈಯೂ ಸುಮ್ಮನ ಇದ್ರ ಬ್ಯಾಸರ. ಬಾಯಿ ಸುಮ್ಮನಿದ್ದು ಕೈ ಸುಮ್ಮನಿರಲಿಲ್ಲಂದ್ರ, ಚಿತ್ರ ಅವರೊಳಗ ಇನ್ನೂ ಮುಗದಿಲ್ಲ."

ಈ ಮಾತು ನೆನಪಿಟ್ಟುಕೊಳ್ರಿ. ಮುಂದ ಬೇಕಾಗತದ.

ಮಳಿಗಾಲದಾಗ ಕಾಕಾನ ಖಾಕಿ ಅಂಗಿ ಮ್ಯಾಲೆ ಕರೀ ಕಂಬಳಿ ಬರತಿತ್ತು. ಅವರ ತಾಯಿ ನೂತ ಉಣ್ಣೀದು. ಒಂದು ಮೂಲಿ ಒಳಗ ಮಡಚಿ, ಕೊಪ್ಪಿ ಮಾಡಿ ತಲಿ ಮ್ಯಾಲಿಂದ ಇಳಿಬಿಟ್ರಂದ್ರ ಸುತ್ತಲೂ ನೀರು ಜಾರಿ ಹೋಗತಿತ್ತು, ಒಂದು ಹನಿ ಒಳಗ ಇಳೀತಿರಲಿಲ್ಲ. ಆಟ ಬಿಟ್ಟಾಗ ಕೂಸು ಎತ್ತಿಕೊಂಡ ಹೆಣ್ಣಮಕ್ಕಳಿದ್ರ, ಆ ಕಂಬಳಿ ಅವರ ತಲಿಗೆ ಹಾಕಿ, ತಾವು ತೊಯಿಸಿಕೋತ ರಿಕ್ಷಾ ತನಕ ಬಿಟ್ಟು ಬರತಿದ್ರು. ಎಷ್ಟು ಮಂದೀನ ಹಂಗ ದಾಟಿಸಿರಬೇಕು!

ನನ್ನ ಮಗನಿಗೆ ಆಗ ಎಂಟು ವರ್ಷ. ಹಾರಪ್ಪನ ಹುಚ್ಚು ತಲಿಗೇರಿತ್ತು. ಆ ಚಿತ್ರಕಥಿಯೊಳಗ ಹಾರಪ್ಪನ ಬೆನ್ನ ಮ್ಯಾಲೆ ಒಂದು ಕೆಂಪ ಬಟ್ಟಿ ಹಾರಾಡತದಲ್ಲ, ಅದು ಬೇಕು ಅಂತ ಉಪವಾಸ ಕುಂತ. ಅದೇ ಹೊತ್ತಿಗೆ ಟಾಕೀಜಿನ ಬಾಗಲದ ಕೆಂಪ ಮಖಮಲ್ ಪರದಾ ಹರದು, ಹೊಸಾದು ಹಾಕಿದ್ರು. ಕಾಕಾ ಹಳೇದರಾಗ ಹರೀಲಾರದ ಭಾಗ ನೋಡಿ, ಕತ್ತರಿಸಿ ತಂದು ಕೊಟ್ರು. ನಾನು ಕೈಯಿಂದ ಹೊಲದೆ. ನನ್ನ ಮಗ ಅದನ್ನ ಕೊರಳಿಗೆ ಕಟ್ಟಿಕೊಂಡು ಕ್ಯಾಂಟೀನಿನ ಕಟ್ಟಿಯಿಂದ ಹಾರಿ ಮೊಣಕಾಲು ಒಡಕೊಂಡ. ಕಾಕಾ ಅವನ ಮೊಣಕಾಲಿಗೆ ಅರಿಷಿಣ ಹಚ್ಚಿ, "ಹಾರೂದು ಬಂದಂಗಾತು, ಇನ್ನ ಇಳಿಯೂದು ಕಲಿ" ಅಂದ್ರು.

ಟಾಕೀಜು ಮುಚ್ಚಿ ಭಾಳ ವರ್ಷ ಆತು. ಈಗಲ್ಲಿ ಮೋಟಾರು ನಿಲ್ಲಸತಾರ. ಕೆಲಸ ಬಿಟ್ಟ ಮ್ಯಾಲೂ ಕಾಕಾನ ಚಟಾ ಬಿಡಲಿಲ್ಲ. ನಮ್ಮ ಮಗನಿಗೆ ಹೆಣ್ಣು ಕೊಡವರು ಮನಿಗೆ ಬಂದಾಗ ಅವರನ್ನೂ ಕರದಿದ್ವಿ. ಬೀಗರು ಎದ್ದು ಹೋಗೂವಾಗ ಬಾಗಲದಾಗ ನಿಂತು ಕೆಳಗ ನೋಡಿದ್ರು. ಆಮ್ಯಾಲೆ ಅಡಗಿ ಮನಿಗೆ ಬಂದು ಮೆಲ್ಲಕ ಅಂದ್ರು: "ಸಂಬಂಧ ಕೂಡತದ ತಂಗಿ, ಹುಡುಗಿ ತಂದಿ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದು ಮರತು ಮಾತಾಡತಿದ್ದ. ಆದ್ರ ಉಪ್ಪಿಟ್ಟು ಮುಂದಿನ ಸಲ ಇನ್ನಷ್ಟು ಮೆತ್ತಗ ಮಾಡು." ಸಂಬಂಧ ಕೂಡಿತು. ಆಕೀನ ಈಗ ನನ್ನ ಸೊಸಿ. ಉಪ್ಪಿಟ್ಟು ಅಂದಿನಿಂದ ಆಕೀನ ಮಾಡತಾಳ.

ಕಡೀ ಕಾಲಕ್ಕ ಕಾಕಾ ಪುಣೆ ಹತ್ರ ಸಾಸವಡದಾಗ ಮಗಳ ಮನ್ಯಾಗ ಇದ್ರು. ಪಂಢರಪುರದ ಪಾಲಖಿ ಹೋಗೂ ದಾರಿಯೊಳಗನ ಮನಿ. ಪಾಲಖಿ ದಿವಸಗಳಾಗ ಒಮ್ಮೆ ನಾನು ತೇಜೂನ ಕರಕೊಂಡು ನೋಡಾಕ ಹೋದೆ. ಆಕಿಗೆ ಆರು ವರ್ಷ. ಕಾಕಾ ಹೊಸ್ತಲದ ಮ್ಯಾಲೆ ಕುಂತು, ಪಂಢರಪುರಕ್ಕ ನಡದವರ ಕಾಲು ನೋಡಾಕತ್ತಿದ್ರು. ಸಾವಿರಗಟ್ಟಲೆ ಕಾಲು, ಕೆಸರು ಬಡದ ಕಾಲು, ಬಿರಕು ಬಿಟ್ಟ ಕಾಲು. ನನ್ನ ನೋಡಿದ್ದ ತಡಾ, ಎರಡೂ ಅಂಗೈ ಎತ್ತಿ ತೋರಿಸಿದ್ರು.

"ಐವತ್ತು ಕಿಲೊ ಹಾಕು ತಂಗಿ! ಭಾರೀ ಓಡತದ ಇದು. ಬರೂ ವರ್ಷನೂ ತಗಿಯಂಗಿಲ್ಲ!"

ನಾವು ಹೊರಡೂ ಹೊತ್ತಿಗೆ ಮಳಿ ಹಿಡೀತು. ಕಾಕಾ ಗೋಡೆ ಹಿಡದು ಎದ್ದು, ಒಳಗಿಂದ ಕಂಬಳಿ ತಂದ್ರು. ಕೊಪ್ಪಿ ಮಡಚಿ ತೇಜೂನ ತಲಿಗೆ ಹಾಕಿದ್ರು. ಕೂಸು ಅದರಾಗ ಪೂರಾ ಮುಳುಗಿತು, ಕಣ್ಣಷ್ಟ ಕಂಡ್ವು. "ಇನ್ನ ನಿನಗ ಮಳೀನೂ ಹತ್ತಂಗಿಲ್ಲ, ಸಿಡ್ಲೂ ಹತ್ತಂಗಿಲ್ಲ, ಗುಂಡೂ ಹತ್ತಂಗಿಲ್ಲ. ಹೋಗು" ಅಂದ್ರು. ಕಂಬಳಿ ತಿರುಗಿ ತಗೊಳ್ಳಲಿಲ್ಲ. ಅದೇ ವರ್ಷ ಚಳಿಗಾಲದಾಗ ಹೋಗಿಬಿಟ್ರು.

ಈಗ ಹಾರಪ್ಪನ ಕಡೆ ಬರತೀನಿ.

ಸಿನೆಮಾದಾಗ ಹಾರಪ್ಪನ ಕೆಂಪ ಬಟ್ಟಿ ನಡುವ ಸುಟ್ಟು ಹೋಗತದಂತ. ಆಗ ಕುರಿ ಕಾಯೂ ಮುದುಕನೊಬ್ಬ ತನ್ನ ಕಂಬಳಿ ಕೊಡತಾನ. ಹಾರಪ್ಪ ಅದನ್ನ ಕೊಪ್ಪಿ ಹಾಕಿಕೊಂಡು ಬೆಂಕಿ ಮಳಿಯೊಳಗ ನಡದು, ಊರ ಮಂದೀನ ಒಬ್ಬೊಬ್ಬರನ್ನಾಗಿ ಕಂಬಳಿಯೊಳಗ ಸೇರಿಸಿಕೊಂಡು ದಾಟಸತಾನ. ಚಿತ್ರಕಥಿಯೊಳಗ ಇದು ಇರಲಿಲ್ಲ. ಇದು ನಮ್ಮ ತೇಜೂನ ತಲೀದು. ಡೈರೆಕ್ಟರು ಬ್ಯಾಡ ಅಂದ್ರ, "ಕಂಬಳಿ ಇರತದ, ಇಲ್ಲಂದ್ರ ನಾ ಇರಂಗಿಲ್ಲ" ಅಂತ ಹಟಾ ಹಿಡದಾಕಿ.

ಒಂದೆರಡು ನಿಮಿಷದ ತುಣುಕು ಮೊದಲ ಫೋನಿನ್ಯಾಗ ಬಿಟ್ರು ನೋಡ್ರಿ, ಹಾರಪ್ಪನ ಅಭಿಮಾನಿಗಳಿಗೆ ಮೈಮ್ಯಾಲೆ ಕೆಂಡ ಸುರದಂಗಾತು. ಏನ ಬೈಗಳು! "ಇವ ಹೀರೋನೋ, ಥಂಡಿ ಹತ್ತಿದ ಮುದುಕನೋ?" "ಇದನ್ನ ಮಾಡಿದವರು ನಮ್ಮ ಬಾಲ್ಯ ಸುಟ್ಟರು." ಮೊದಲನೇ ದಿವಸ ಎಲ್ಲಾರೂ ಕೆಂಪ ಬಟ್ಟಿ ಕಟ್ಟಿಕೊಂಡ ಹೋಗೂದು, ಕಂಬಳಿ ಬಂದ ಕೂಡಲೇ ನಕ್ಕುಬಿಡೂದು ಅಂತ ಫೋನಿನ್ಯಾಗ ಠರಾವು ಮಾಡಿಕೊಂಡ್ರಂತ.

ಬ್ಯಾರೆಯವರ ಮಾತು ತೇಜು ತಡಕೊಂಡ್ಲು. ಆದ್ರ ನನ್ನ ಮಗ, ಐವತ್ತರ ಮನುಷ್ಯಾ, ಬ್ಯಾಂಕಿನ ಸಾಹೇಬ, ಊಟಕ್ಕ ಕುಂತಾಗ ಆ ತುಣುಕು ನೋಡಿ ಫೋನ್ ಕುಕ್ಕಿದ. "ಇವ ನಮ್ಮಾಂವ ಅಲ್ಲವ್ವಾ. ಕಂಬಳಿ ಹೊತ್ತಾಂವನ್ನ ನೋಡಾಕ ಟಿಕೀಟ ಯಾಕ ಬೇಕು? ಯಾವ ಮೂರ್ಖಗ ಹೊಳೀತೋ ಇದು!"

"ನನಗ ಹೊಳೀತು ಪಪ್ಪಾ," ಅಂದ್ಲು ತೇಜು.

ಅವನ ತುತ್ತು ಕೈಯಾಗ ಉಳೀತು. ಅಂದಿನಿಂದ ತಂದಿ ಮಗಳ ನಡುವ ಸಿನೆಮಾದ ಸುದ್ದಿ ಬಂದ್ ಆತು. ಉಪ್ಪು ಕೊಡು, ನೀರು ಕೊಡು, ಅಷ್ಟ.

ಬಾರಾಮತಿ ಕಡೆ ಶಾಲಿ ಹುಡುಗರ ಯುನಿಫಾರ್ಮ್ ಹೊಲಿಯೂ ಕಾರಖಾನಿಯಿಂದ ಆಕಿಗೆ ಕೆಲಸದ ಪತ್ರ ಬಂದಿತ್ತು. ಸೋಮವಾರದೊಳಗ ಹೂಂ ಅನ್ನಬೇಕು. ಶುಕ್ರವಾರ ಮುಂಜಾನಿ ತೇಜು ಫೋನ್ ಬಂದ್ ಮಾಡಿ, ಜ್ವಾಳದ ಹಿಟ್ಟಿನ ಡಬ್ಬಿಯೊಳಗ ಹುಗದು, ಮ್ಯಾಲೆ ಮುಚ್ಚಳಾ ಬಡದ್ಲು.

"ಆಯಿ," ಅಂದ್ಲು. ನನ್ನನ್ನ ಆಕಿ ಆಯಿ ಅಂತಾಳ. "ಮಂದಿ ನಕ್ಕರು ಅಂತ ಗೊತ್ತಾತಂದ್ರ ನಾ ಬಾರಾಮತಿಗೆ ಹೋಗತೀನಿ. ನೀಲಿ ಚಡ್ಡಿ, ಬಿಳೀ ಅಂಗಿ. ಯಾರೂ ಬೈಯಂಗಿಲ್ಲ."

"ನಕ್ಕರೋ ಇಲ್ಲೋ ಯಾರು ಹೇಳತಾರ ನಿನಗ? ಹಿಟ್ಟಿನ ಡಬ್ಬಿ ಹೇಳತದೇನು?"

"ನೀನ ಹೇಳು."

"ಹೇಳತೀನಿ. ಛತ್ರಿ ಎಲ್ಲಿ ಅದ?"

ನಮ್ಮವರು "ಈ ಮೊಣಕಾಲು ಕಟಗೊಂಡು ಎಲ್ಲಿಗೆ ಹೊಂಟಿ, ಮಳಿ ಕಾಣವಲ್ದೇನು?" ಅಂತ ಒದರಿದ್ರು. ನಾನು ಆಗಲೇ ರಿಕ್ಷಾದಾಗ ಇದ್ದೆ.

ಮಾಲಿಗೆ ಹೋಗಿ ಮೊದಲ ಪೆಟ್ಟಿಗೆ ತಪ್ಪು ಮಾಡಿದೆ. ದೊಡ್ಡ ಬಾಗಲದ ಮುಂದ ಅರ್ಧಾ ತಾಸು ಕಂಬದಂಗ ನಿಂತೆ. ಒಳಗ ಹೋಗೂವರ ಹೊರತು ಹೊರಗ ಒಬ್ಬರೂ ಬರವಲ್ರು. ಕಡೀಗೆ ಕಾವಲದ ಹುಡುಗಿ ಬಂದು, "ಆಜಿ, ಯಾರಿಗೆ ಕಾಯಾಕತ್ತೀರಿ?" ಅಂತ ಮರಾಠಿಯೊಳಗ ಕೇಳಿದ್ಲು. ಸಿನೆಮಾ ಬಿಡೂದನ್ನ ಕಾಯಾಕತ್ತೀನಿ ಅಂದೆ. ಆಕಿ ನಕ್ಕು, ಈಗಿನ ಸಿನೆಮಾದಾಗ ಒಳಗ ಹೋಗೂ ಬಾಗಲ ಬ್ಯಾರೆ, ಹೊರಗ ಬರೂ ಬಾಗಲ ಬ್ಯಾರೆ ಅಂತ ಹೇಳಿ, ಹಿಂದ ಕರಕೊಂಡು ಹೋದ್ಲು. ಸಿಮೆಂಟಿನ ಮೆಟ್ಟಲಾ, ಕೆಳಗ ಸ್ಕೂಟರ್ ನಿಲ್ಲಸೂ ಜಾಗಾ, ಅರ್ಧಕ್ಕ ಛತ್ತು, ಅರ್ಧಕ್ಕ ಮಳಿ. ಕೂಡ್ರಾಕ ಖುರ್ಚಿ ಕೊಟ್ಲು ಪುಣ್ಯಾತ್ಗಿತ್ತಿ. ನಾನು ಕೂಡಲಿಲ್ಲ. ಕಾಕಾ ಎಂದೂ ಕೂಡತಿರಲಿಲ್ಲ.

ನನಗಿಂತ ಮೊದಲ ಅಲ್ಲಿ ನಾಕು ಹುಡುಗರು ಮೈಕು, ಫೋನ್ ಹಿಡಕೊಂಡು ಸಜ್ಜಾಗಿದ್ರು. ಸಿನೆಮಾ ಹ್ಯಾಂಗಿತ್ತು ಅಂತ ಕೇಳಿ ಊರಿಗೆಲ್ಲಾ ತೋರಸವರು.

ಬಾಗಲ ತೆರೀತು. ಮೊದಲ ಹತ್ತು ಮಂದಿ ಓಡಿ ಬಂದ್ರು. ಅವರನ್ನ ಬಿಟ್ಟೆ. ಆಮ್ಯಾಲೆ ಬಂದ್ರು ನೋಡ್ರಿ, ಎಲ್ಲಾರ ಬೆನ್ನ ಮ್ಯಾಲೂ ಕೆಂಪ ಬಟ್ಟಿ. ಬಕ್ಕ ತಲಿಯವರು, ಹೊಟ್ಟಿ ಬಂದವರು, ಮಕ್ಕಳನ್ನ ಕರಕೊಂಡು ಬಂದವರು. ಒಬ್ಬರೂ ಪಿಟ್ಟ ಅನವಲ್ರು.

ಮೈಕು ಮುಂದ ಬಂದ ಒಬ್ಬ "ಏಕ್ ನಂಬರ್!" ಅಂತ ಕಿರಿಚಿದ. ಅದೇ ಹುಡುಗ ಎರಡ ಹೆಜ್ಜಿ ಮುಂದ ಇನ್ನೊಂದು ಮೈಕಿಗೆ "ಅಷ್ಟೇನೂ ಖಾಸ್ ಇಲ್ಲ" ಅಂದ. ಕಾಕಾ ಸುಳ್ಳು ಹೇಳಿರಲಿಲ್ಲ. ಉಳದವರು ಮೈಕಿಗೂ ಮಾತಾಡಲಿಲ್ಲ. ತಲಿ ತೆಗ್ಗಿಸಿ ಮೆಟ್ಟಲಾ ಇಳದ್ರು. ಮುಗೀತು. ಬಾರಾಮತಿ. ನೀಲಿ ಚಡ್ಡಿ. ಒಂದ ಬೆರಳು.

ಆಗ ನನಗ ಬಿಸಿ ಬಟಾಟಿ ಸುಲಿಯೂ ಕೆಂಪ ಬೆರಳು ನೆನಪಾದ್ವು. ಸುಮ್ಮನಿರೂದು ಎರಡು ಥರಾ. ಕೈ ನೋಡಿದೆ.

ಯಾರ ಕೈಯೂ ಸುಮ್ಮನಿರಲಿಲ್ಲ! ಮೀಸಿ ಬಿಟ್ಟ ಒಬ್ಬಾಂವ ಕೊರಳಿನ ಗಂಟು ಬಿಚ್ಚಿ, ಕೆಂಪ ಬಟ್ಟಿ ಕೈಯಾಗ ಹಿಡದು ಹೊರಳಾಡಸಾಕತ್ತಿದ್ದ. ಮೂಲಿ ಮಡಚತಿದ್ದ, ತಲಿ ಮ್ಯಾಲೆ ಇಡತಿದ್ದ, ಜಾರತಿತ್ತು. ಅವನ ಹಿಂದ ಇನ್ನೊಬ್ಬ. ಅವನ ಹಿಂದ ಎರಡು ಹುಡುಗ್ಯಾರು. ಎಲ್ಲಾರೂ ಕೊಪ್ಪಿ ಮಾಡಾಕ ಹೆಣಗಾಕತ್ತಾರ!

ತಡಿ, ಇಷ್ಟರಾಗ ಹಿಗ್ಗಬ್ಯಾಡ ಅಂತ ಮನಸ್ಸಿಗೆ ಹೇಳಿದೆ. ಹೊರಗ ಮಳಿ ಅದ, ಮಳಿಗೆ ಹಾಕ್ಕೊಂತಿರಬೇಕು. ನಿಂತು ನೋಡಿದೆ. ಛತ್ತಿನ ಕೆಳಗ ಒಬ್ಬಾಂವ ಸ್ಕೂಟರ್ ಮ್ಯಾಲೆ ಕುಂತು ಹೆಲ್ಮೆಟ್ ಹಾಕಿಕೊಂಡಾನ, ಮೈಮ್ಯಾಲೆ ರೇನ್‌ಕೋಟ್ ಅದ. ಅವನ ಹೆಂಡತಿ ಹಿಂದಿನಿಂದ ಆ ಹೆಲ್ಮೆಟ್ಟಿನ ಮ್ಯಾಲೆ ಕೊಪ್ಪಿ ಹೊಚ್ಚಾಕತ್ತಾಳ! ಹೆಲ್ಮೆಟ್ಟಿಗೆ ಯಾತರ ಮಳಿ ಹೇಳ್ರಿ?

ಅಲ್ಲಿಗೆ ನನ್ನ ಕಟ್ಟು ಹರೀತು. ಮಂದಿ ಕೂಡ ಮಾತಾಡಬಾರದು ಅಂತ ಕಾಕಾ ಹೇಳಿದ್ದು ಮರತು, ಛತ್ರಿ ಗೋಡೆಗೆ ಆನಿಸಿ, ಮೀಸಿಯವನ ಹತ್ರ ಹೋದೆ.

"ಹಂಗಲ್ಲೋ ನಮ್ಮಪ್ಪಾ. ಇತ್ತ ಕೊಡು. ಈ ಮೂಲಿ ಒಳಗ ಹೋಗಬೇಕು. ಬಗ್ಗು."

ಅವ ಬಗ್ಗಿದ. ಕೊಪ್ಪಿ ಕುಂತಿತು. ಅಷ್ಟೊತ್ತನಕ ಗಪ್ಪ ಇದ್ದ ಮನುಷ್ಯಾ, "ಆಜಿ, ಅವ ಆ ಮುದುಕಿಗೆ ಕಂಬಳಿ ಹಾಕಿ ತಾನು ಹೊರಗ ಉಳದನಲ್ಲಾ," ಅಂದ, ಕೊಪ್ಪಿ ಮುಂದಕ್ಕ ಎಳದು ಮಾರಿ ಮುಚ್ಚಿಕೊಂಡ. ಹಿಂದಿನಾಕಿ "ನಗೂಣು ಅಂತ ಬಂದಿದ್ವಿ ಆಜಿ, ನಗಾಕ ಆಗಲಿಲ್ಲ," ಅಂದ್ಲು. ಅಷ್ಟರಾಗ ನನ್ನ ಮುಂದ ಒಂದು ಸಾಲು ನಿಂತುಬಿಟ್ಟಿತ್ತು. ಆ ಕಂಬಳಿ ನನ್ನ ಮೊಮ್ಮಗಳದು ಅಂತ ಬಾಯಿ ತುದಿಗೆ ಬಂದಿತ್ತು. ನುಂಗಿದೆ. ಹೇಳಿದ್ರ ನನಗ ಬೇಕಾದದ್ದನ್ನ ಹೇಳತಾರ. ಸುಮ್ಮನ ಮಡಚಿದೆ. ಒಂದು, ಎರಡು, ಹತ್ತು. ಮೈಕಿನ ಹುಡುಗರು ಮೈಕು ಕೆಳಗ ಮಾಡಿ ನಮ್ಮನ್ನ ನೋಡಾಕತ್ತಿದ್ರು.

ತಲಿ ತೆಗ್ಗಿಸಿ ಮಡಚೂವಾಗ ಮುಂದ ಒಂದು ಜೋಡು ಬೂಟು ಬಂದು ನಿಂತ್ವು. ಕಂದು ಬೂಟು. ಎಡಗಾಲಿನ ಹಿಮ್ಮಡ ಒಳಗಿನ ಬಾಜು ಸವದದ್ದು.

ಆ ಬೂಟು ನಮ್ಮ ಮನಿ ಬಾಗಲದಾಗ ದಿನಾ ಇರತಾವ.

ನಾನು ಮಾರಿ ಎತ್ತಲಿಲ್ಲ. ಮಾರಿ ಅವರ ಖಾಸಗೀದು. ಕೈ ಚಾಚಿದೆ. ಅಂವ ನನ್ನ ಕೈಯಾಗ ಒಂದು ಸಣ್ಣ ಕೆಂಪ ಬಟ್ಟಿ ಇಟ್ಟ. ಮಖಮಲ್. ಅಲ್ಲಲ್ಲೆ ಉದುರಿ ಹೋಗೇದ, ಅಂಚಿಗೆ ನನ್ನ ಕೈ ಹೊಲಿಗಿ. ನಲವತ್ತು ವರ್ಷ ಟ್ರಂಕಿನ್ಯಾಗ ಇಟ್ಟಿದ್ದ ಕಾಣತದ. ಆಫೀಸಿಗೆ ಅಂತ ಹೋದಾಂವ! ಎಂಟು ವರ್ಷದ ಹುಡುಗನ ಬೆನ್ನಿಗೆ ಹೊಲದದ್ದು, ಈ ಬಕ್ಕ ತಲಿಗೆ ಕೊಪ್ಪಿ ಹ್ಯಾಂಗ ಆಗಬೇಕು? ಮಡಚಿ ಇಟ್ಟೆ. ಕಿವಿ ತನಕನೂ ಬರಲಿಲ್ಲ. ಅವನ ಕೈಯಾಗ ಛತ್ರಿ ಇತ್ತು, ಬಿಚ್ಚಿರಲಿಲ್ಲ.

"ಅವ್ವಾ..." ಅಂದ.

"ಮುಂದಿನವರು ಬರ್ರಿ," ಅಂದೆ ನಾನು.

ಆ ಬೂಟು ಮೆಟ್ಟಲಾ ಇಳಿಯಾಕ ಎಷ್ಟು ಹೊತ್ತು ತಗೊಂಡ್ವು ಅಂತೀರಿ!

ರಿಕ್ಷಾ ನಮ್ಮ ಬಿಲ್ಡಿಂಗಿನ ಗೇಟಿಗೆ ಬಂದಾಗ ತೇಜು ಮ್ಯಾಲೆ ಬಾಲ್ಕನಿಯೊಳಗ ನಿಂತಿದ್ಲು, ಸರಳು ಹಿಡಕೊಂಡು. ನಾನು ಮಳಿಯೊಳಗ ಇಳದು ಬಲಗೈ ಎತ್ತಿದೆ, ಪೂರಾ ಅಂಗೈ. ಆಕಿ ಅಲ್ಲಾಡಲಿಲ್ಲ. ಎಡಗೈಯೂ ಎತ್ತಿದೆ. ಛತ್ರಿ ಬಿದ್ದು ಉರುಳಿ ಹೋತು. ಆಕಿ ಅಲ್ಲೇ ಕುಸದು ಕುಂತ್ಲು, ಸರಳಿನ ಸಂದಿಯೊಳಗಿಂದ ಆಕಿ ಅಳೂದು ಕಾಣತಿತ್ತು. ಹಿಂದಿನಿಂದ ಸೊಸಿ ಬಗ್ಗಿ ನೋಡಿ, "ಐವತ್ತು ಕಿಲೊ ಬಟಾಟಿ ಎಲ್ಲಿಂದ ತರಲಿ ಅತ್ತೀ, ಮನ್ಯಾಗ ಎರಡ ಕಿಲೊ ಅದಾವ!" ಅಂತ ಒದರಿದ್ಲು.

ಎರಡು ಕಿಲೋನ ಕುದಸಿದ್ವಿ. ನಮ್ಮವರು ಕುಂತು ಸಿಪ್ಪಿ ಸುಲದ್ರು, ಕಾಕಾ ಸುಲೀತಿದ್ದದ್ದು ಹೀಂಗಲ್ಲ ಹಂಗ ಅಂತ ನನಗ ಕಲಿಸಿಕೋತ. ಸಂಜಿಗೆ ಮಗ ಬಂದ. ಬೂಟು ಬಿಚ್ಚಿದ. ಕೈಕಾಲು ತೊಳಕೊಂಡು ಬಂದು ಕುಂತ. ಐದೂ ಮಂದಿ ನೆಲದ ಮ್ಯಾಲೆ ದುಂಡಗ ಕುಂತ್ವಿ, ನಡುವ ವಡಾದ ಪರಾತ, ಶೇಂಗಾ ಹಿಂಡಿ, ಬಿಸಿ ರೊಟ್ಟಿ, ಝಣಕ.

"ಪಪ್ಪಾ, ಬ್ಯಾಂಕಿನ್ಯಾಗ ಇವತ್ತ ಗದ್ದಲ ಇತ್ತೇನು?" ಅಂದ್ಲು ತೇಜು, ತಾಟು ನೋಡಿಕೋತ.

"ಇತ್ತು," ಅಂದ ಅವ. "ಭಾಳ ಇತ್ತು."

"ಬ್ಯಾಂಕಿನ ಗದ್ದಲದಾಗ ಇದು ತೋಯೀತೇನು?" ಅಂತ ಸೊಸಿ ಬಾಲ್ಕನಿ ಕಡೆ ಕೈ ಮಾಡಿದ್ಲು. ಹಗ್ಗದ ಮ್ಯಾಲೆ ಸಣ್ಣ ಕೆಂಪ ಮಖಮಲ್ ತೂಗಾಡತಿತ್ತು, ಇನ್ನೂ ನೀರು ತೊಟ್ಟಿಕ್ಕತಿತ್ತು.

ತೇಜು ಅದನ್ನ ನೋಡಿದ್ಲು. ತಂದೀನ ನೋಡಿದ್ಲು. ನನ್ನ ಮಗ ವಡಾ ಮುರದು, ಹಿಂಡಿಯೊಳಗ ಹೊರಳಿಸಿ, ಹೊರಳಿಸಿ, ಕಡೀಗೆ ಅಂದ: "ನನ್ನ ತಲಿಗೆ ಅದು ಸಾಲಲಿಲ್ಲ. ನಿನ್ನ ಕಂಬಳಿಯಂಥಾದ್ದು ದೊಡ್ಡದೊಂದು ಬೇಕು."

"ಅಳತಿ ಕೊಡ್ರಿ," ಅಂದ್ಲು ಆಕಿ.

ಆಮ್ಯಾಲೆ ಎದ್ದು ಹಿಟ್ಟಿನ ಡಬ್ಬಿಯೊಳಗ ಕೈ ಹಾಕಿ ಫೋನ್ ತಗದ್ಲು, ಊದಿ ಹಿಟ್ಟು ಹಾರಿಸಿದ್ಲು. ಬಾರಾಮತಿಗೆ ಬರೂದಿಲ್ಲ ಅಂತ ನಮ್ಮ ಮುಂದನ ಬರದು ಕಳಿಸಿದ್ಲು. ಬ್ಯಾರೆ ಏನೂ ತೆರೀಲಿಲ್ಲ, ಯಾರು ಏನಂದ್ರು ಅಂತ ನೋಡಲಿಲ್ಲ. ಮತ್ತ ಬಂದು ತನ್ನ ತಾಟಿನ ಮುಂದ ಕುಂತ್ಲು.

ಊಟ ಮುಗೀತು. ಪರಾತ ಖಾಲಿ ಆತು. ಕೈಗೆ ಹತ್ತಿದ ಹಿಂಡಿ ಒಣಗಿ ಬೆರಳು ಬಿರಸಾದ್ವು. ನಮ್ಮವರು ಟಾಕೀಜಿನ ಕಥಿ ತಗದ್ರು, ಮಗ ಮೊಣಕಾಲಿನ ಹಳೇ ಗಾಯದ ಕಲಿ ತೋರಿಸಿದ, ಸೊಸಿ ಉಪ್ಪಿಟ್ಟಿನ ಮಾತಿಗೆ ನಕ್ಕು ನಕ್ಕು ಕಣ್ಣು ಒರಸಿಕೊಂಡ್ಲು. ನಾನು ಅಭ್ಯಾಸದಂಗ ಕೆಳಗ ನೋಡಿದೆ. ಮಡಚಿಕೊಂಡು ಕುಂತ ಐದು ಜೋಡಿ ಕಾಲು. ಕೈ ತೊಳಿಯಾಕ ಒಂದೂ ಎದ್ದಿರಲಿಲ್ಲ.